ಡಾಕ್ಟ್ರಮ್ಮನ ಕೈಗುಣ

ಯಡಿಯೂರು ಕೆರೆಯ ಹಿಂದೆ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಮಧುಮತಿ ಮುಟ್ಟಿದರೆ ಸಾಕು, ವಾಸಿಯಾಗುತ್ತದೆ ಎಂದು ಪೌರಕಾರ್ಮಿಕರೆಲ್ಲ ನಂಬಿದ್ದರು. ಕಾಲಿನ ಗಾಯ ಹೇಗಿದೆ ಎಂದು ಕೇಳಿದಾಗಲೆಲ್ಲ ಬೀದಿ ಗುಡಿಸುವ ಶಂಕ್ರವ್ವ, "ನಿಮ್ಮ ಕೈಗುಣಕ್ಕ ಆರಾಮ ಆಗೇತ್ರಿ" ಎನ್ನುತ್ತಿದ್ದಳು. ಹೊರಗೆ ಸಾಲು ಉದ್ದವಿರುತ್ತಿತ್ತು. ಪಟ್ಟಿ ಬಿಚ್ಚಿ ನೋಡುವುದಕ್ಕಿಂತ ನಂಬುವುದು ಮಧುಮತಿಗೂ ಸುಲಭವಾಗಿತ್ತು.

ಇವತ್ತು ಶಂಕ್ರವ್ವನನ್ನು ಎತ್ತಿಕೊಂಡು ಬಂದರು. ಪಟ್ಟಿ ಬಿಚ್ಚಿದರೆ ಪಾದ ಕಪ್ಪಾಗಿತ್ತು. ಕಾಲು ತೆಗೆಯದೆ ಬೇರೆ ದಾರಿಯಿರಲಿಲ್ಲ.

"ಯಾಕಮ್ಮ ಸುಳ್ಳು ಹೇಳ್ದೆ?"

"ನೀವು ಔಷಧ ಹಚ್ಚಿದ್ದು ಮಾಯಲಿಲ್ಲಂದ್ರ ನಿಮ್ಮ ಹೆಸರು ಕೆಡತೈತಲ್ರಿ."

ಆಂಬುಲೆನ್ಸ್ ಹೋಯಿತು. ಮಧುಮತಿ ಕೈ ತೊಳೆದರು, ಮತ್ತೆ ತೊಳೆದರು. ಸಾಲಿನಲ್ಲಿದ್ದ ಮುಂದಿನ ಹೆಂಗಸು ಒಳಗೆ ಬಂದಳು. ಸೆರಗಿನಿಂದ ಬಾಯಿ ಒತ್ತಿ ಕೆಮ್ಮು ನುಂಗಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು.

"ನಿಮ್ ಕೈಗುಣ ಮೇಡಂ, ಕೆಮ್ಮು ಪೂರ್ತಿ ಹೋಯ್ತು."