ಬಾಯಲ್ಲಿ ನೀರು ಹಿಡಿದ ಕಂಡಕ್ಟರು

ಚಿಲ್ಲರೆ ಎರಡನೆಯ ಸಲ ವಾಪಸು ಬಂದ ದಿನ ಕಂಡಕ್ಟರಿಗೆ ಊಟ ಸೇರಲಿಲ್ಲ.

ಚಿಲ್ಲರೆ ಎಂದರೆ ನಾಯಿ. ಬಿಳಿ ಮೈಮೇಲೆ ಯಾರೋ ಕೈಜಾರಿ ನಾಣ್ಯ ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಚಿಲ್ಲರೆಗಾಗಿ ಜನರ ಜೊತೆ ಜಗಳವಾಡಿದವರು ಇನ್ನೇನು ಹೆಸರಿಟ್ಟಾರು? ನಿವೃತ್ತಿಯಾದ ಮೇಲೆ ಅವರು ಮನೆಯಲ್ಲಿ ಕೂತು ಕೂತು ಹೆಂಡತಿಯ ತಲೆ ತಿನ್ನತೊಡಗಿದ್ದರು. ಆಕೆ ಆಸ್ಪತ್ರೆಯಲ್ಲಿ ನರ್ಸು, ಯಾವ ಕಾಯಿಲೆಯನ್ನೂ ಬೆಳೆಯಲು ಬಿಡುವವರಲ್ಲ. ಒಂದು ಬೆಳಿಗ್ಗೆ ಗಂಡನನ್ನು ನಾಯಿಗಳ ಆಶ್ರಯಕ್ಕೆ ಕರೆದೊಯ್ದು, "ಒಂದೋ ಇವರನ್ನ ಇಟ್ಕೊಳ್ಳಿ, ಇಲ್ಲಾ ಇವರಿಗೊಂದು ನಾಯಿ ಕೊಡಿ" ಎಂದರು. ಅಲ್ಲಿನ ಡಾಕ್ಟರಮ್ಮ ನಾಯಿ ಕೊಟ್ಟು ಕಳಿಸಿದರು.

ಕೆಲಸ ಕಷ್ಟದ್ದೇನಲ್ಲ. ಬೀದಿಯಿಂದ ಬಂದು ಮನೆಯ ಮುಖವನ್ನೇ ಕಾಣದ ನಾಯಿಯನ್ನು ಎರಡು ಮೂರು ತಿಂಗಳು ಇಟ್ಟುಕೊಳ್ಳಬೇಕು. ಮನುಷ್ಯರ ನಡುವೆ ಬದುಕುವುದನ್ನು ರೂಢಿ ಮಾಡಿಸಿ, ಕಾಯಮ್ಮಾಗಿ ಸಾಕುವವರ ಕೈಗೆ ಒಪ್ಪಿಸಬೇಕು. ಚಿಲ್ಲರೆ ಕಂಡಕ್ಟರ ಮೊದಲ ನಾಯಿ. ಅದನ್ನು ಅವರು ಅಪ್ಪಟ ಚಿನ್ನದಂತೆ ತಯಾರು ಮಾಡಿದ್ದರು. ಕನಿಷ್ಠ ಅವರು ಹಾಗೆ ಅಂದುಕೊಂಡಿದ್ದರು.

ಆದರೆ ಮೊದಲು ಕರೆದೊಯ್ದ ಬ್ಯಾಂಕಿನವರು ಒಂಬತ್ತನೆಯ ದಿನ ವಾಪಸು ತಂದರು. ಆಮೇಲೆ ಒಯ್ದ ಸಂಗೀತದ ಮೇಷ್ಟ್ರು ಆರನೆಯ ದಿನಕ್ಕೇ ಕೈಮುಗಿದರು. ಇಬ್ಬರದೂ ಒಂದೇ ದೂರು. ಬಾಗಿಲು ತೆಗೆದರೆ ಹೊಸಿಲಲ್ಲೇ ನಿಲ್ಲುತ್ತದೆ, ತಟ್ಟೆ ಇಟ್ಟರೆ ಮುಂದೆ ಕೂತು ನಮ್ಮ ಮುಖ ನೋಡುತ್ತದೆ. ಸರಿಯಾಗಿ ತಿನ್ನುವುದಿಲ್ಲ, ನಡೆಯುವುದಿಲ್ಲ, ಬರೀ ಗೊಂಬೆ.

"ನಮ್ಮನೇಲಿ ಹಾಗಿಲ್ವಲ್ಲ ಡಾಕ್ಟ್ರಮ್ಮ!" ಎಂದರು ಕಂಡಕ್ಟರು. "ಬಾಗಿಲು ತೆಗೆದ್ರೆ ಬಾಣ. ತಟ್ಟೆ ಇಟ್ರೆ ನಿಮಿಷದಲ್ಲಿ ಖಾಲಿ. ಅವರಿಗೆ ಸಾಕೋಕೆ ಬರಲ್ಲ, ಅಷ್ಟೆ."

"ಇಬ್ಬರಿಗೂ ಬರಲ್ವಾ ಕಂಡಕ್ಟರೇ?" ಎಂದು ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. "ತಿಂಗಳ ಕೊನೇ ಭಾನುವಾರ ನಾಯಿ ಬೇಕಾದವರು ನೋಡೋಕೆ ಬರ್ತಾರೆ. ಇನ್ನೊಂದು ಅವಕಾಶ ಕೊಡ್ತೀನಿ. ಆದ್ರೆ ಮೂರನೇ ಸಲಾನೂ ವಾಪಸ್ ಬಂದ್ರೆ ನನ್ನ ಕೈಲೇನೂ ಇಲ್ಲ. ನಿಯಮ ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಮೂರು ಸಲ ವಾಪಸು ಬಂದ ನಾಯಿಯನ್ನು ಮತ್ತೆ ಯಾರಿಗೂ ತೋರಿಸುವುದಿಲ್ಲ. ಅದು ಹಿಂದಿನ ಅಂಗಳ ಸೇರುತ್ತದೆ, ಸಾಯುವವರೆಗೆ ಅಲ್ಲೇ. ಅಲ್ಲಿ ಅನ್ನ ನೀರಿಗೆ ಕೊರತೆಯಿಲ್ಲ. ಆದರೆ ಆ ಅಂಗಳದ ನಾಯಿಗಳು ಗೇಟಿನ ಸದ್ದಿಗೆ ತಲೆ ಎತ್ತುವುದನ್ನೇ ಬಿಟ್ಟಿದ್ದವು. ಕಂಡಕ್ಟರು ಒಮ್ಮೆ ಅದನ್ನು ನೋಡಿ ಬಂದು ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಅವರು ಮಾತಾಡದಿರುವುದೆಂದರೆ ಸಣ್ಣ ವಿಷಯವಲ್ಲ.

ಹಾಗೆ ಮಾತಾಡದಿರುವ ಇನ್ನೊಂದು ದಿನ ಬೇಗನೇ ಬಂತು. ದವಡೆ ಹಲ್ಲು ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿ, ಸಂಜೆಯವರೆಗೆ ಮಾತು ಬಂದ್ ಎಂದು ಕಳಿಸಿದರು. ಹೆಂಡತಿಗೆ ಅವತ್ತು ರಜೆ. ಮನೆಯಲ್ಲಿ ನೆಲೆಸಿದ ಶಾಂತಿಯನ್ನು ಆಕೆ ಮನಸಾರೆ ಅನುಭವಿಸುತ್ತ ಬಟ್ಟೆ ಮಡಚುತ್ತಿದ್ದರು.

ಕಂಡಕ್ಟರು ತಟ್ಟೆಗೆ ಅನ್ನ ಹಾಲು ಹಾಕಿ ಚಿಲ್ಲರೆಯ ಮುಂದಿಟ್ಟರು. ಚಿಲ್ಲರೆ ಕೂತು ಅವರ ಮುಖ ನೋಡಿತು. ತಟ್ಟೆಯನ್ನು ಹತ್ತಿರ ತಳ್ಳಿದರು. ಜೊಲ್ಲು ಸುರಿಯಿತೇ ಹೊರತು ನಾಲಿಗೆ ಹೊರಬರಲಿಲ್ಲ. ಹೋಗಲಿ ಎಂದು ಬಾಗಿಲು ತೆಗೆದು ಹಗ್ಗ ಹಿಡಿದರೆ, ಹೊಸಿಲಲ್ಲಿ ನಿಂತ ನಾಯಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬ್ಯಾಂಕಿನವರು ಹೇಳಿದ್ದು ಇದನ್ನೇ. ಮೇಷ್ಟ್ರು ಹೇಳಿದ್ದೂ ಇದನ್ನೇ.

ಹೆಂಡತಿ ಮಡಚುತ್ತಿದ್ದ ಲಂಗವನ್ನು ಕೆಳಗಿಟ್ಟರು. ಒಮ್ಮೆ ನಾಯಿಯನ್ನೂ ಒಮ್ಮೆ ಹತ್ತಿ ತುಂಬಿದ ಗಂಡನ ಬಾಯನ್ನೂ ನೋಡಿದರು. ಆಮೇಲೆ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು.

"ಅಯ್ಯೋ ರೀ! ದಿನಾ ಬಾಗಿಲಲ್ಲಿ ನಿಂತು ನೀವು ಏನಂತೀರಿ? ರೈಟ್ ರೈಟ್!"

ಮಾತು ಮುಗಿಯುವ ಮೊದಲೇ ಚಿಲ್ಲರೆ ಬಾಣದಂತೆ ಮೆಟ್ಟಿಲಿಳಿದು, ಕಂಡಕ್ಟರನ್ನು ಎಳೆದುಕೊಂಡು ಗೇಟಿನ ಹತ್ತಿರ ಹೋಗಿ ನಿಂತಿತ್ತು.

ನಾನಾ? ಎಂದು ಕಂಡಕ್ಟರು ಎದೆ ಮುಟ್ಟಿಕೊಂಡು ಸನ್ನೆ ಮಾಡಿದರು.

"ಅಲ್ಲ, ಪಕ್ಕದ ಮನೆಯವರು! ಊಟಕ್ಕೆ ಕೂತ್ರೆ ರೈಟ್, ದೀಪ ಆರಿಸಿದ್ರೆ ರೈಟ್. ಮಗಳ ಮದುವೆ ದಿನ ಅವಳ ಕಾರಿನ ಬೆನ್ನು ತಟ್ಟಿ ರೈಟ್ ಅಂದೋರಲ್ವಾ ನೀವು? ನಾನು ಅಳ್ತಾ ಇದ್ದೋಳು ನಕ್ಕುಬಿಟ್ಟಿದ್ದೆ. ಪಾಪ, ಅದು ಎರಡು ಮನೇಲೂ ಯಾರಾದ್ರೂ ರೈಟ್ ಅಂತಾರೆ ಅಂತ ಕಾಯ್ತಾ ಕೂತಿದೆ."

ಕಂಡಕ್ಟರು ಜಗಲಿಯ ಮೇಲೆ ಕೂತುಬಿಟ್ಟರು. ಸಾಕುವುದಕ್ಕೆ ಬರುವುದಿಲ್ಲ ಎಂದು ಊರವರನ್ನೆಲ್ಲ ಬೈದಿದ್ದರು. ಬಾರದೇ ಇದ್ದದ್ದು ತಮಗೇ. ನಾಚಿಕೆಗಿಂತ ಹೆಚ್ಚಾಗಿ ಅವರಿಗೆ ಆ ನಾಯಿ ಹಸಿದು ಕೂತ ದಿನಗಳ ಲೆಕ್ಕ ಚುಚ್ಚಿತು.

ಆದರೂ ದಾರಿ ಸುಲಭವಾಗಿಯೇ ಕಂಡಿತು. ಮುಂದೆ ಸಾಕುವವರಿಗೆ ಒಂದು ಚೀಟಿ ಬರೆದುಕೊಟ್ಟರಾಯಿತಲ್ಲ, ಹೀಗೆ ಹೀಗೆ ಅನ್ನಿ ಎಂದು. ಆ ಸಮಾಧಾನ ಮರುದಿನ ಬೆಳಿಗ್ಗೆಯವರೆಗೆ ಬಾಳಿತು. ಬಸ್ ನಿಲ್ದಾಣದ ಮುಂದೆ ಹಾದುಹೋಗುವಾಗ ಯಾವುದೋ ಬಸ್ಸಿನ ಎಳೆಯ ಕಂಡಕ್ಟರನೊಬ್ಬ ಬಾಗಿಲಲ್ಲಿ ಜೋತಾಡುತ್ತ "ರೈಟ್ ರೈಟ್!" ಎಂದು ಕೂಗಿದ. ಚಿಲ್ಲರೆ ರಸ್ತೆಗೆ ಹಾರಿತು. ಹಗ್ಗ ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದರಿಂದ ಬಚಾವು. ಚಕ್ರಕ್ಕೂ ಅದರ ಮೂತಿಗೂ ಒಂದು ಗೇಣು ಅಂತರ.

ಅಂಗೈ ಸುಲಿದು ರಕ್ತ ಬರುತ್ತಿದ್ದರೂ ಕಂಡಕ್ಟರಿಗೆ ಅದರ ಪರಿವೆಯಿರಲಿಲ್ಲ. ರಸ್ತೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನಾಯಿಯನ್ನು ತಬ್ಬಿಕೊಂಡರು. ಚೀಟಿಗೀಟಿ ಬೇಡ, ತಾವು ಕಲಿಸಿದ್ದನ್ನು ತಾವೇ ಮರೆಸಬೇಕು. ತಿಂಗಳ ಕೊನೆಯ ಭಾನುವಾರಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು.

ನಾಯಿಗೆ ಮರೆಸುವುದಕ್ಕಿಂತ ತಮ್ಮ ನಾಲಿಗೆಗೆ ಮರೆಸುವುದೇ ಕಷ್ಟವೆಂದು ಅರ್ಧ ದಿನದಲ್ಲೇ ಗೊತ್ತಾಯಿತು. ಆ ಮಾತು ಮೂವತ್ತನಾಲ್ಕು ವರ್ಷ ಉಸಿರಿನ ಜೊತೆಗೇ ಬಂದದ್ದು, ಅವರನ್ನು ಕೇಳಿ ಹೊರಡುತ್ತಿರಲಿಲ್ಲ. ಕೊನೆಗೆ ನರ್ಸು ಹೆಂಡತಿಯೇ ಮದ್ದು ಹೇಳಿದರು. ಬಾಗಿಲು ತೆಗೆಯುವ ಮೊದಲು, ತಟ್ಟೆ ಇಡುವ ಮೊದಲು ಬಾಯಿ ತುಂಬ ನೀರು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮೊದಲ ದಿನ ಕೆನ್ನೆ ಉಬ್ಬಿಸಿಕೊಂಡು ಮೆಟ್ಟಿಲ ಮೇಲೆ ಕೂತರು. ಚಿಲ್ಲರೆ ಹೊಸಿಲಲ್ಲಿ ನಿಂತಿತು. ಒಂದೂವರೆ ಗಂಟೆ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಹಾಲಿನವನು, ಪೇಪರಿನವನು, ಮೇಲಿನ ಮನೆಯ ಅಜ್ಜಿ ಎಲ್ಲರೂ ಮಾತಾಡಿಸಿ, ಉತ್ತರ ಸಿಗದೆ, ಗಂಡ ಹೆಂಡಿರ ಜಗಳವಿರಬೇಕೆಂದು ತೀರ್ಮಾನಿಸಿ ಹೋದರು. ಚಿಲ್ಲರೆ ಸಂಜೆಯವರೆಗೆ ತಟ್ಟೆ ಮುಟ್ಟಲಿಲ್ಲ. ಕಂಡಕ್ಟರೂ ಮುಟ್ಟಲಿಲ್ಲ.

"ಇಬ್ಬರೂ ಸರಿಯಾದ ಹಟಮಾರಿಗಳು" ಎಂದು ಹೆಂಡತಿ ಬೈದರು. "ನಿಮಗಾದ್ರೂ ಬುದ್ಧಿ ಬೇಡ್ವಾ, ಉಣ್ರೀ!"

"ಅದು ಉಣ್ಲಿ, ಆಮೇಲೆ ನೋಡೋಣ."

ಕತ್ತಲಾಗುವ ಹೊತ್ತಿಗೆ ಅಡುಗೆಮನೆಯಿಂದ ತಟ್ಟೆ ನೆಲಕ್ಕೆ ಉಜ್ಜುವ ಸದ್ದು ಕೇಳಿತು. ಕಂಡಕ್ಟರು ತುದಿಗಾಲಲ್ಲಿ ಹೋಗಿ ಇಣುಕಿದರು. ಚಿಲ್ಲರೆ ತಿನ್ನುತ್ತಿತ್ತು, ನಡುನಡುವೆ ಕಳ್ಳನಂತೆ ಹಿಂದೆ ತಿರುಗಿ ನೋಡುತ್ತ. ಅವರು ಅಲ್ಲೇ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ಎರಡು ತಟ್ಟೆ ಅನ್ನ ಉಂಡರು.

ನಾಲ್ಕನೆಯ ದಿನ ಒಂದು ಕಾಲು ಹೊಸಿಲು ದಾಟಿತು. ಆರನೆಯ ದಿನ ನಾಲ್ಕೂ ದಾಟಿದವು. ಆಮೇಲೆ ಅವರು ದಿನಾ ಬೆಳಿಗ್ಗೆ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂರತೊಡಗಿದರು. ಒಂದು ಬೆಳಿಗ್ಗೆಗೆ ಎಂಬತ್ತು ಬಸ್ಸು, ಎಂಬತ್ತು ಕೂಗು. ಮೊದಮೊದಲು ಪ್ರತಿ ಕೂಗಿಗೂ ಚಿಲ್ಲರೆ ಹಗ್ಗ ಕಿತ್ತುಕೊಳ್ಳುವಂತೆ ಎಗರುತ್ತಿತ್ತು. ಹಳೆಯ ಜೊತೆಗಾರರು ಬಸ್ಸಿನಿಂದಲೇ, "ಏನಣ್ಣಾ, ಪಾಸು ಮಾಡ್ಸಿದೀರಾ ಅದಕ್ಕೆ?" ಎಂದು ಕಿಚಾಯಿಸಿದರು. ಕಂಡಕ್ಟರು ಕೆನ್ನೆ ಉಬ್ಬಿಸಿ ಕೂತಿದ್ದರು. ಹದಿನೆಂಟನೆಯ ದಿನ ಮೂರು ಬಸ್ಸು ಒಟ್ಟಿಗೆ ಹೊರಟವು, ಮೂವರೂ ಗಂಟಲು ಹರಿಯುವಂತೆ ಕೂಗಿದರು. ಚಿಲ್ಲರೆ ಆಕಳಿಸಿ, ಮೂತಿಯನ್ನು ಅವರ ಚಪ್ಪಲಿಯ ಮೇಲಿಟ್ಟು ಮಲಗಿತು. ಕಂಡಕ್ಟರಿಗೆ ಕಪ್ ಗೆದ್ದಷ್ಟು ಸಂತೋಷವಾಗಿ, ಬಾಯಲ್ಲಿದ್ದ ನೀರೆಲ್ಲ ಮುಂದೆ ನಿಂತಿದ್ದವರ ಬೆನ್ನಿಗೆ ಹೋಯಿತು.

ಭಾನುವಾರ ಚಿಲ್ಲರೆಯನ್ನು ಇಷ್ಟಪಟ್ಟದ್ದು ಗಿಡಗಳ ನರ್ಸರಿ ನಡೆಸುವ ಹೆಂಗಸು. ಮಣ್ಣು ಮೆತ್ತಿದ ಕೈ, ಎರಡು ಮಾತಿಗೆ ಒಂದು ಮಾತು ಆಡುವ ಸ್ವಭಾವ. ಕಂಡಕ್ಟರು ಒಂದನ್ನೂ ಮುಚ್ಚಿಡಲಿಲ್ಲ. ಎರಡು ಸಲ ವಾಪಸು ಬಂದದ್ದು, ತಪ್ಪು ತಮ್ಮದೇ ಎಂಬುದು, ಎಲ್ಲ ಹೇಳಿಬಿಟ್ಟರು. "ಈಗಲೂ ಹೊಸ ಜಾಗದಲ್ಲಿ ಅನುಮಾನ ಮಾಡಬಹುದಮ್ಮ. ಯಾರಾದ್ರೂ ಹೇಳ್ಲಿ ಅಂತ ಕಾಯಬಹುದು. ನೀವು ಮಾತ್ರ ಏನೂ ಹೇಳ್ಬೇಡಿ."

"ನನಗೂ ಮಾತು ಕಮ್ಮಿ" ಎಂದಳು ಆಕೆ, ಹಗ್ಗ ಕೈಗೆ ತೆಗೆದುಕೊಂಡು.

ಹದಿನೈದು ದಿನ ಪರೀಕ್ಷೆ. ಆಮೇಲೆ ಆಶ್ರಯಕ್ಕೆ ಬಂದು ಕಾಯಂ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನಾಯಿಯನ್ನು ಬಿಟ್ಟು ಹೋಗಬೇಕು. ಆ ಹದಿನೈದು ದಿನ ಆಕೆಯಿಂದ ಒಂದು ಫೋನೂ ಇಲ್ಲ. ಒಂಬತ್ತನೆಯ ದಿನ ಕಳೆದಾಗ ಕಂಡಕ್ಟರು ಬ್ಯಾಂಕಿನವರನ್ನು ದಾಟಿದೆವು ಎಂದು ಹೆಂಡತಿಗೆ ಹೇಳಿದರು. ಹದಿನೈದನೆಯ ದಿನ ಹೆಂಡತಿ ಅರ್ಧ ರಜೆ ಹಾಕಿ ಜೊತೆಗೇ ಆಶ್ರಯಕ್ಕೆ ಹೊರಟರು. ಕೇಳಿದರೆ, "ನೀವು ಬಿದ್ರೆ ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ" ಎಂದರು.

ಗೊಬ್ಬರದ ವಾಸನೆಯ ಪುಟ್ಟ ಟೆಂಪೋ ಗೇಟಿನ ಹೊರಗೆ ನಿಂತಿತು. ನರ್ಸರಿಯ ಹೆಂಗಸು ಇಳಿದಳು. ಮುಖದಲ್ಲಿ ನಗುವಿಲ್ಲ. ಚಿಲ್ಲರೆ ಅವಳ ಹಿಂದೆಯೇ ಹಾರಿ, ಕಂಡಕ್ಟರನ್ನು ಕಂಡು ಮೈಯೆಲ್ಲ ಬಾಲವಾಗಿ ಅವರ ಮೇಲೆ ಬಿತ್ತು.

"ಒಂದು ತೊಂದರೆ ಇದೆ" ಎಂದಳು ಆಕೆ ಡಾಕ್ಟರಮ್ಮನಿಗೆ.

ಕಂಡಕ್ಟರ ಕೈ ನಾಯಿಯ ಬೆನ್ನ ಮೇಲೆ ಹಾಗೇ ನಿಂತಿತು. ಕಣ್ಣಿಗೆ ಹಿಂದಿನ ಅಂಗಳವೇ ಕಟ್ಟಿತು.

"ಮೊದಲ ನಾಲ್ಕು ದಿನ ಮೂಲೇಲಿ ಕೂತೇ ಇತ್ತು. ನೀವು ಹೇಳಿದ ಹಾಗೆ ನಾನು ಏನೂ ಹೇಳ್ಲಿಲ್ಲ. ಐದನೇ ದಿನ ತಾನಾಗೇ ಎದ್ದು ತೋಟಕ್ಕೆ ಹೋಯ್ತು. ಹೋಗಿ ನನ್ನ ಗುಲಾಬಿ ಕುಂಡ ಅಗೆದು ಹಾಕ್ತು. ಒಂದಲ್ಲ, ಏಳು."

"ಅಗೆ ಅಂತ ಯಾರಾದ್ರೂ ಅಂದ್ರಾ?" ಎಂದರು ಕಂಡಕ್ಟರು.

"ಯಾರೂ ಇಲ್ಲ. ಬೇಡ ಅಂತ ನಾನು ಕೂಗ್ತಾನೇ ಇದ್ದೆ. ನನ್ನ ಕಡೆ ತಿರುಗೂ ನೋಡ್ಲಿಲ್ಲ." ಮೊದಲ ಬಾರಿಗೆ ಆಕೆಯ ತುಟಿಯಂಚಿನಲ್ಲಿ ನಗು ಕಾಣಿಸಿತು. "ಆಮೇಲೆ ಮೂತಿ ತುಂಬ ಮಣ್ಣು ಮಾಡ್ಕೊಂಡು ಬಂದು ನನ್ನ ಪಕ್ಕದಲ್ಲೇ ಮಲಗ್ತು. ಕುಂಡ ಮೇಲೆ ಎತ್ತಿಟ್ಟಿದೀನಿ. ಪೆನ್ ಕೊಡಿ ಡಾಕ್ಟ್ರೇ."

ಸಹಿ ಬಿತ್ತು. ಡಾಕ್ಟರಮ್ಮ ದೊಡ್ಡ ರಿಜಿಸ್ಟರಿನಲ್ಲಿ ಚಿಲ್ಲರೆಯ ಹೆಸರಿನ ಮುಂದೆ ಕಾಯಂ ಎಂದು ಬರೆದು, ಎರಡು ಸಲ ಅಡಿಗೆರೆ ಎಳೆದರು. ನರ್ಸರಿಯ ಹೆಂಗಸು ತನ್ನ ಪ್ರತಿ ಮಡಚಿ ಜೇಬಿಗಿಟ್ಟುಕೊಂಡು, ಕರೆಯದೆ, ತಿರುಗಿ ನೋಡದೆ ಟೆಂಪೋ ಕಡೆ ನಡೆದಳು. ಚಿಲ್ಲರೆ ಕಂಡಕ್ಟರ ಕಾಲ ಬಳಿ ಕೂತಿತ್ತು. ಚಿಲ್ಲರೆ ಎದ್ದಿತು, ಮೈ ಕೊಡವಿತು, ಅವರ ಕೈಯನ್ನು ಒಮ್ಮೆ ನೆಕ್ಕಿತು. ಆಮೇಲೆ ತನ್ನ ಪಾಡಿಗೆ ಗೇಟು ದಾಟಿ, ಒಂದೇ ನೆಗೆತಕ್ಕೆ ಟೆಂಪೋ ಹತ್ತಿ, ಆಕೆಯ ಪಕ್ಕದ ಸೀಟಿನಲ್ಲಿ ಯಜಮಾನನ ಹಾಗೆ ಕೂತಿತು.

ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೂ ಕಂಡಕ್ಟರು ರಸ್ತೆ ನಡುವೆಯೇ ನಿಂತಿದ್ದರು. ಹೆಂಡತಿ ಹೋಗಿ ತೋಳು ಹಿಡಿದರು.

"ಅಳ್ತಾ ಇದೀರೋ, ನಗ್ತಾ ಇದೀರೋ? ಒಂದು ತೀರ್ಮಾನ ಮಾಡ್ರೀ."

"ಏಳು ಕುಂಡ ಕಣೇ!" ಎಂದರು ಕಂಡಕ್ಟರು, ಇಡೀ ಬೀದಿಗೆ ಕೇಳುವ ಹಾಗೆ. "ಏಳು! ಯಾರನ್ನೂ ಕೇಳದೆ!"