ಚಕ್ರ ಬಿಡದೆ ಇಳಿದ ವಿಮಾನ

ಅಂಜನಪ್ಪ ಏದುಸಿರು ಬಿಡುತ್ತ ಓಡಿ ಬರುವಷ್ಟರಲ್ಲಿ ವಿಮಾನ ರನ್‌ವೇ ನಡುವೆ ಹೊಟ್ಟೆಯ ಮೇಲೆ ಮಲಗಿತ್ತು. ಪ್ರೊಪೆಲ್ಲರಿನ ಅಲಗುಗಳು ಹಿಂದಕ್ಕೆ ಮಡಚಿಕೊಂಡಿದ್ದವು. ಪುಣ್ಯಕ್ಕೆ ಬೆಂಕಿ ಹತ್ತಿರಲಿಲ್ಲ, ಯಾರಿಗೂ ಗಾಯವಾಗಿರಲಿಲ್ಲ. ಮಾಲೀಕ ನಂಜುಂಡಯ್ಯ ರೆಕ್ಕೆಯ ಮೇಲಿಂದ ಜಾರಿ ಇಳಿದು, ಅಕ್ಕನನ್ನು ಕೈಹಿಡಿದು ಇಳಿಸಿ, ಮೊದಲು ಆಡಿದ ಮಾತು ಇದು:

"ಏನ್ರೀ ಅಂಜನಪ್ಪ, ಚಕ್ರಾನೇ ಬರ್ಲಿಲ್ವಲ್ರೀ!"

ಹ್ಯಾಂಗರಿನಿಂದ ಓಡಿಬಂದಿದ್ದ ಆರೇಳು ಜನ ಒಟ್ಟಿಗೆ ಅಂಜನಪ್ಪನ ಮುಖ ನೋಡಿದರು.

ಅದು ತೊಂಬತ್ತೇಳರ ಫೆಬ್ರವರಿ. ಚಾಮರಾಜಪೇಟೆಯ ಅಂಜನಪ್ಪ ಇಪ್ಪತ್ತನಾಲ್ಕು ವರ್ಷದಿಂದ ಸಣ್ಣ ವಿಮಾನಗಳ ರಿಪೇರಿಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಇಂಜಿನಿಯರ್. ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆಯ ಆಫೀಸಿದ್ದ ನಂಜುಂಡಯ್ಯ ಐವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತು, ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡಿದ್ದರು. ಮೇಲೇರಿದ ಮೇಲೆ ಚಕ್ರಗಳು ಒಳಗೆ ಮಡಚಿಕೊಳ್ಳುವ ವಿಮಾನ ಅದು. ಇಳಿಯುವ ಮೊದಲು ಲಿವರ್ ಕೆಳಗೆ ಒತ್ತಿ ಅವನ್ನು ಹೊರಗೆ ಬಿಡಬೇಕು. ನಾಲ್ಕು ದಿನದ ಹಿಂದಷ್ಟೇ ಅಂಜನಪ್ಪ ಅದನ್ನು ಜಾಕಿನ ಮೇಲೆ ನಿಲ್ಲಿಸಿ, ಚಕ್ರಗಳನ್ನು ಹತ್ತು ಸಲ ಮಡಚಿ ಬಿಡಿಸಿ, ಸರಿಯಿದೆ ಎಂದು ಸಹಿ ಹಾಕಿದ್ದ.

ಅವನು ಕಾಕ್‌ಪಿಟ್ಟಿನೊಳಗೆ ಬಗ್ಗಿ ನೋಡಿದ.

"ಸಾರ್, ಲಿವರ್ ಮೇಲೇ ಇದೆ."

"ಇಳಿದ್ಮೇಲೆ ನಾನೇ ಮೇಲಕ್ ಎತ್ತಿರ್ಬೇಕು ಕಣ್ರೀ. ಗಾಬರೀಲಿ ಏನೇನು ಮುಟ್ಟಿದ್ನೋ!"

ಮಧ್ಯಾಹ್ನ ಕ್ರೇನ್ ಬಂತು. ವಿಮಾನವನ್ನು ಪಟ್ಟಿ ಕಟ್ಟಿ ಮೇಲೆತ್ತಿದರು. ಅಂಜನಪ್ಪ ಲಿವರ್ ಕೆಳಗೆ ಒತ್ತಿದ. ಮೋಟಾರು ಗುಂಯ್‌ಗುಟ್ಟಿತು, ಮೂರು ಚಕ್ರಗಳೂ ಇಳಿದು ಗಟ್ಟಿಯಾಗಿ ನಿಂತವು, ಮೂರು ಹಸಿರು ದೀಪಗಳೂ ಹತ್ತಿಕೊಂಡವು. ವಿಮಾನವನ್ನು ಅದರ ಚಕ್ರಗಳ ಮೇಲೆಯೇ ತಳ್ಳಿಕೊಂಡು ಹ್ಯಾಂಗರಿಗೆ ತಂದದ್ದಾಯಿತು.

"ನೋಡಿದ್ರಾ? ಈಗ ಬಂತು, ಆಗ ಬರ್ಲಿಲ್ಲ. ನಂಬೋಕೇ ಆಗಲ್ಲ ಇದನ್ನ," ಎಂದರು ನಂಜುಂಡಯ್ಯ.

ಅಂಜನಪ್ಪನಿಗೆ ಆ ರೆಕ್ಕೆಗೇ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

ಚಕ್ರದ ಯಂತ್ರ ಕೈಕೊಟ್ಟಿತು ಎಂದು ನಂಜುಂಡಯ್ಯ ವಿಚಾರಣೆಯ ಅಧಿಕಾರಿಗಳಿಗೆ ಬರೆದುಕೊಟ್ಟರು. ವಿಚಾರಣೆ ಮುಗಿಯುವ ತನಕ ಯಾವ ವಿಮಾನಕ್ಕೂ ಸಹಿ ಹಾಕಕೂಡದೆಂದು ಅಂಜನಪ್ಪನಿಗೆ ಆದೇಶವಾಯಿತು. ಸಹಿಯಿಲ್ಲದ ಮೇಲೆ ಕೆಲಸವೇನು? ಅವನು ಮನೆಯಲ್ಲಿ ಕೂತ.

"ಚಕ್ರ ಹಾಕೋದು ಮರ್ತ್‌ಬಿಟ್ರಾ?" ಹೆಂಡತಿ ನರಸಮ್ಮ ಮೆಲ್ಲಗೆ ಕೇಳಿದಳು.

"ಹಾಕೋದಲ್ವೇ, ಇಳಿಸೋದು! ಅದು ಓಡಿಸೋರ ಕೆಲ್ಸ."

"ಮತ್ತೆ ನಿಮ್ಮನ್ಯಾಕೆ ಮನೇಲಿ ಕೂರ್ಸಿದಾರೆ?"

ಅದೇ ಪ್ರಶ್ನೆಯನ್ನು ಎದುರುಮನೆಯವರು ಕೇಳಿದರು, ಹಾಲಿನವನು ಕೇಳಿದ, ಭಾವಮೈದ ತುಮಕೂರಿನಿಂದ ಫೋನ್ ಮಾಡಿ ಕೇಳಿದ. ವಿವರಿಸಿ ವಿವರಿಸಿ ಅಂಜನಪ್ಪನ ಗಂಟಲು ಒಣಗಿತು. ಹತ್ತೊಂಬತ್ತನೆಯ ದಿನ ನಂಜುಂಡಯ್ಯನವರೇ ಫೋನ್ ಮಾಡಿದರು.

"ಅಂಜನಪ್ಪ, ಒಂದು ವೈರ್ ಸಡಿಲ ಇತ್ತು ಅಂತ ಬರ್ದುಕೊಟ್ಬಿಡಿ. ಇಬ್ರಿಗೂ ತಲೆನೋವು ತಪ್ಪುತ್ತೆ."

"ಯಾವ ವೈರ್ ಸಾರ್?"

"ಯಾವ್ದೋ ಒಂದು! ನಿಮಗೆ ಗೊತ್ತಿರಲ್ವಾ?"

ಅಂಜನಪ್ಪ ಫೋನ್ ಕುಕ್ಕಿದ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಮಲ್ಲೇಶ್ವರಕ್ಕೆ ಹೊರಟ. ವಿಮಾನದಲ್ಲಿದ್ದ ಇನ್ನೊಬ್ಬರೆಂದರೆ ನಂಜುಂಡಯ್ಯನವರ ಅಕ್ಕ, ಅಲ್ಲಿನ ಹದಿನೈದನೇ ಕ್ರಾಸಿನಲ್ಲಿದ್ದ ತ್ರಿಪುರಸುಂದರಿ. ಭೂಗೋಳ ಪಾಠ ಮಾಡಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರು ಅವನನ್ನು ಕೂರಿಸಿ ಕಾಫಿ ಕೊಟ್ಟರು.

"ಮೇಡಂ, ಇಳಿಯೋ ಹೊತ್ತಲ್ಲಿ ಏನಾಯ್ತು ಅಂತ ಹೇಳ್ತೀರಾ?"

"ಜಗಳ ಆಡ್ತಿದ್ವಿ ಕಣಪ್ಪ," ಎಂದರು ಆಕೆ ನೇರವಾಗಿ. "ಒಂದು ಬೆಟ್ಟ ತೋರ್ಸಿ ನಂದಿ ಅಂದ. ಅದು ನಂದಿ ಅಲ್ವೋ, ಕಳವಾರದ ಬೆಟ್ಟ ಅಂದೆ. ಅವ್ನೂ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಕೆಳಗೆ ಬರೋ ತನಕ ಅದೇ ಮಾತು."

"ಅವ್ರು ಲಿವರ್ ಮುಟ್ಟಿದ್ರಾ?"

"ಅದೆಲ್ಲ ನನಗೆ ತಿಳಿಯಲ್ಲ. ಆದ್ರೆ ಒಂದೇ ಸಮ ಪೀಂ ಪೀಂ ಅಂತ ಹೊಡ್ಕೋತಿತ್ತು. ಏನೋ ಅದು ಅಂದೆ. ವೇಗ ಕಮ್ಮಿ ಆದಾಗ ಹಾಗೇ ಕೂಗುತ್ತೆ, ಸುಮ್ನಿರಕ್ಕ ಅಂದ."

ಅಂಜನಪ್ಪ ಲೋಟ ಕೆಳಗಿಟ್ಟ. ಚಕ್ರ ಬಿಡದೆ ಇಳಿಯಹೊರಟರೆ ಎಚ್ಚರಿಸುವ ಹಾರ್ನ್ ಅದು. ವೇಗ ತಗ್ಗಿದಾಗ ಕೂಗುವುದು ಬೇರೆಯೇ, ಅದು ಪೀಂ ಪೀಂ ಎನ್ನದೆ ಒಂದೇ ಎಳೆಯಾಗಿ ಕೂಗುತ್ತದೆ. ಲಿವರ್ ಒತ್ತಿಯೂ ಚಕ್ರ ಬಾರದಿದ್ದರೆ ಆ ಕೂಗನ್ನು ಯಾರೂ ವೇಗದ್ದೆಂದು ತಳ್ಳಿಹಾಕುತ್ತಿರಲಿಲ್ಲ. ನಂಜುಂಡಯ್ಯ ಕೇಳಿಸಿಕೊಂಡೂ ಕೇಳಿಸಿಕೊಂಡಿರಲಿಲ್ಲ.

"ಇದನ್ನ ಯಾರ ಹತ್ರಾನೂ ಹೇಳ್ಲಿಲ್ವಾ ಮೇಡಂ? ಇಪ್ಪತ್ತು ದಿನದಿಂದ ನಾನು ಮನೇಲಿ ಕೂತಿದೀನಿ."

"ನನ್ನನ್ನ ಯಾರು ಕೇಳಿದ್ರು? ಯಂತ್ರ ಕೆಟ್ಟಿತ್ತು ಅಂತ ಅವ್ನು ಹೇಳ್ದ, ನಂಬ್ದೆ." ಆಕೆಯ ಮುಖ ಗಂಟಾಯಿತು. ಎದ್ದು ಹೋಗಿ ತಮ್ಮನಿಗೆ ಫೋನ್ ಮಾಡಿದರು. "ಈಗ್ಲೇ ಬಾ" ಎಂದಷ್ಟೇ ಹೇಳಿ ಇಟ್ಟರು.

ನಂಜುಂಡಯ್ಯ ಬಂದವರು ಅಂಜನಪ್ಪನನ್ನು ಕಂಡು ಬಾಗಿಲಲ್ಲೇ ನಿಂತರು.

"ಅಕ್ಕಾ, ನಿನಗೆ ಇದೆಲ್ಲ ಅರ್ಥ ಆಗಲ್ಲ."

"ಆ ಸದ್ದು ಚಕ್ರದ್ದಂತೆ. ಹೌದೋ ಅಲ್ವೋ?"

ನಂಜುಂಡಯ್ಯ ಮೆಟ್ಟು ಕಳಚಿ ಒಳಗೆ ಬಂದರು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಗಾಂಧಿನಗರದಲ್ಲಿ ಎಲ್ರೂ ನನ್ನ ಕ್ಯಾಪ್ಟನ್ ಅಂತಾರೆ ಅಕ್ಕ," ಎಂದರು. "ಚಕ್ರ ಬಿಡೋದೇ ಮರ್ತ ಅಂತ ಗೊತ್ತಾದ್ರೆ ಹೇಗೆ ಮುಖ ತೋರಿಸ್ಲಿ?"

"ಜಗಳ ಆಡಿದ್ದು ನನ್ನ ತಪ್ಪೂ ಹೌದು, ಅದನ್ನೂ ಬರಿ," ಎಂದು ಅಕ್ಕ ಕಾಗದ ತಂದು ಮುಂದಿಟ್ಟರು. ನಂಜುಂಡಯ್ಯ ಬರೆದರು. ಮೂರು ಸಾಲು ಬರೆಯಲು ಅರ್ಧ ಗಂಟೆ ತೆಗೆದುಕೊಂಡರು.

ಆ ಕಾಗದ ಅಧಿಕಾರಿಗಳ ಕೈಸೇರಿದ ಹತ್ತು ದಿನದಲ್ಲಿ ಅಂಜನಪ್ಪನಿಗೆ ಸಹಿಯ ಅಧಿಕಾರ ಮರಳಿತು. ನಂಜುಂಡಯ್ಯ ಮತ್ತೆ ಶಿಕ್ಷಕರ ಪಕ್ಕ ಕೂತು ಹಾರುವುದನ್ನು ಕಲಿಯಬೇಕೆಂದಾಯಿತು. ಅಂಜನಪ್ಪ ಕೆಲಸಕ್ಕೆ ಮರಳಿದ ಮೊದಲ ದಿನವೇ ಅವರು ಹ್ಯಾಂಗರಿನಲ್ಲಿ ಎದುರಾಗಿ, "ಏನೋ ಆಗೋಯ್ತು, ಬಿಟ್ಬಿಡಿ ಅಂಜನಪ್ಪ. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದೆ, ಇಂಜಿನ್ ಬಿಚ್ಚಿ ನೋಡ್ಬೇಕಲ್ಲ, ಶುರು ಮಾಡಿ," ಎಂದರು.

"ಬಿಡಲ್ಲ ಸಾರ್. ಅವತ್ತು ಇವ್ರೆಲ್ಲರ ಮುಂದೆ ನನ್ನ ಹೆಸ್ರು ಹೇಳಿದ್ರಿ. ಇವತ್ತು ಇವ್ರ ಮುಂದೇನೇ ನಿಮ್ಮ ಹೆಸ್ರು ಹೇಳಿ."

ನಂಜುಂಡಯ್ಯ ಸುತ್ತ ನೋಡಿದರು. ಎಲ್ಲರೂ ಕೆಲಸ ನಿಲ್ಲಿಸಿದ್ದರು. "ಚಕ್ರ ಬಿಡೋದು ಮರ್ತಿದ್ದು ನಾನೇ," ಎಂದು ಗೊಣಗಿದರು.

"ಹಿಂದ್ಗಡೆಯೋರಿಗೆ ಕೇಳಿಸ್ಲಿಲ್ಲ ಸಾರ್."

ಎರಡನೆಯ ಸಲ ಕೇಳಿಸುವಂತೆ ಹೇಳಿದರು. ಅಂಜನಪ್ಪನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಅಂಗಿಯ ತೋಳು ಮಡಚಿ ಇಂಜಿನ್ನಿನ ಮುಚ್ಚಳದ ಮೊದಲ ಸ್ಕ್ರೂಗೆ ಕೈ ಹಾಕಿದ.