ಶಿವಗಂಗಿಯ ಪಾಲಿನ ಗಾಳಿ

ಸತ್ತಂತೆ ನಟಿಸಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಸುಳ್ಳಲ್ಲ. ಬೆಂಗಳೂರಿನ ಹೂಡಿಯ ಹತ್ತಿರ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದೇನೆ. ಹೆಸರು ಇಂಗ್ಲಿಷಿನದು, ಕೆಲಸ ಮಾತ್ರ ನೆಲ ಒರೆಸುವುದೇ. ದೀಪಾವಳಿ ಕಳೆದ ಮೇಲೆ ಅಲ್ಲಿ ಮಾಕ್ ಡ್ರಿಲ್ ಇಟ್ಟುಕೊಂಡರು. ಬೆಂಕಿ ಬಿದ್ದರೆ ಎತ್ತ ಓಡಬೇಕು, ಹೊಗೆ ಕುಡಿದು ಬಿದ್ದವರನ್ನು ಹೇಗೆ ಉಳಿಸಬೇಕು ಎಂದು ಕಲಿಸುವ ಆಟ ಅದು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ನೋಡಿ, ಅದಕ್ಕೆ ಮೊದಲೇ ತಯಾರಿ. ಹೊಗೆ ಕುಡಿದು ಬೀಳುವ ಪಾತ್ರಕ್ಕೆ ಒಬ್ಬರು ಬೇಕಾಯಿತು. ಅಷ್ಟು ಜನರಲ್ಲಿ ಒಬ್ಬರೂ ನೆಲದ ಮೇಲೆ ಮಲಗಲು ಒಪ್ಪಲಿಲ್ಲ. ಕಮಿಟಿಯ ಕಾರ್ಯದರ್ಶಿ ದೀಪಶ್ರೀ ಮೇಡಂ ಸುತ್ತ ನೋಡಿ, ಮಾಪು ಹಿಡಿದು ನಿಂತಿದ್ದ ನನ್ನನ್ನು ಕರೆದರು.

"ಮಹಾದೇವಿ, ನೀವೇ ಬನ್ನಿ. ಸುಮ್ನೆ ಮಲಗಿದ್ರೆ ಸಾಕು."

ಮಲಗಲೂ ಸಂಬಳ ಕೊಡುವ ಕಾಲ ಬಂತಲ್ಲ ಎಂದುಕೊಂಡು ಮಲಗಿದೆ. ನನ್ನನ್ನು ಸ್ಟ್ರೆಚರಿನ ಮೇಲೆ ಎತ್ತಿ ಹಾಕಿ ಕೆಳಗಿನ ಎಮರ್ಜೆನ್ಸಿ ರೂಮಿಗೆ ಹೊತ್ತೊಯ್ದರು. ಆ ರೂಮು ನನಗೆ ಹೊಸದಲ್ಲ. ಅದರ ಗಾಜಿನ ಬಾಗಿಲನ್ನು ದಿನಾ ಬೆಳಿಗ್ಗೆ ಒರೆಸುವವಳು ನಾನೇ. ಒಳಗೆ ಗಾಲಿ ಕುರ್ಚಿ, ಕಂಬಳಿಗಳು, ಬ್ಯಾಟರಿ ದೀಪಗಳು, ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರು. ಮುಖಕ್ಕೆ ಮಾಸ್ಕ್ ಹಾಕಿ ಸಿಲಿಂಡರ್ ತಿರುಗಿಸಿದರು. ಸುಯ್ ಎಂದು ತಣ್ಣನೆಯ ಗಾಳಿ ಬಂತು. ಕಲಿಸಲು ಬಂದಿದ್ದವನು ಎಲ್ಲರಿಗೂ ಕೇಳುವಂತೆ, "ಹೊಗೆ ಕುಡಿದವರಿಗೆ ಮೊದಲು ಬಯಲಿನ ಗಾಳಿ, ಆಮೇಲೆ ಇದು. ತಡ ಮಾಡಿದ್ರೆ ಜೀವ ಹೋಗುತ್ತೆ" ಎಂದ. ನಾನು ಕಣ್ಣು ಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಷ್ಟು ನ್ಯಾಚುರಲ್ ಆಗಿ ಮಾಡಿದ್ರಿ ಮಹಾದೇವಿ!" ಎಂದರು ದೀಪಶ್ರೀ ಮೇಡಂ.

ಮನೆಗೆ ಬಂದು ಇದನ್ನೆಲ್ಲ ಮಾಡಿ ತೋರಿಸಿದೆ. ಮನೆಯೆಂದರೆ ಆ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತ ಬಾಡಿಗೆ ಕೋಣೆಗಳ ಸಾಲು. ಅದರಲ್ಲಿ ಕೊನೆಯದು ನಮ್ಮದು. ಗಂಡ ತೀರಿಕೊಂಡ ಮೇಲೆ ನಾನು ತಮ್ಮ ರೇವಣಸಿದ್ದನ ಜೊತೆಗೇ ಇದ್ದೇನೆ. ಅವನು ಗಾರೆ ಕೆಲಸದವನು. ಅವನ ಹೆಂಡತಿ ಶಿವಗಂಗಿ ಆಗ ತುಂಬಿದ ಬಸುರಿ. ನಾನು ನಾಲಿಗೆ ಹೊರಚಾಚಿ ಸತ್ತು ತೋರಿಸಿದಾಗ ಅವಳು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಸಾಕು ಬಿಡಕ್ಕ, ನಗಿಸಬ್ಯಾಡ. ಇಲ್ಲೇ ಹಡಿತೀನಿ ನೋಡ ಮತ್ತ" ಎಂದಳು.

ಶಿವಗಂಗಿಗೆ ತಾಯಿಯಿಲ್ಲ. ತವರು ಹೆಸರಿಗಷ್ಟೇ. ಹಾಗಾಗಿ ಬಾಣಂತನಕ್ಕೆ ನಮ್ಮವ್ವ ಮರೆವ್ವನೇ ಯಾದಗಿರಿ ಕಡೆಯ ನಮ್ಮ ಹಳ್ಳಿಯಿಂದ ಬಂದಳು. ಬಂದಳೆಂದರೆ ಒಬ್ಬಳೇ ಬಂದಳೆ? ಹೊಸದಾಗಿ ಹೊಲಿದ ದಪ್ಪ ಕೌದಿ, ಅಂಟಿನ ಉಂಡಿಗೆ ಬೇಕಾದ ಅಂಟು, ಕೊಬ್ಬರಿ, ಕೂಸಿಗೆ ಕುಂಚಿಗಿ, ಇಷ್ಟರ ಜೊತೆಗೆ ರೈಲಿನಲ್ಲಿ ಒಂದು ಚೀಲ ಕುಳ್ಳು! "ಸಗಣಿ ಹೊತ್ತುಕೊಂಡು ಬೆಂಗಳೂರಿಗೆ ಬಂದೀಯಲ್ಲಬೇ, ಮಂದಿ ಏನಂದಾರು?" ಎಂದು ನಾನು ರೇಗಿದೆ.

"ಮಂದಿ ಬಂದು ಬಾಣಂತನ ಮಾಡ್ತಾರೇನ? ನಿಮ್ಮ ಬೆಂಗಳೂರಾಗ ಮಾಗಿ ಥಂಡಿ ಹಲ್ಲು ಕಡಸ್ತೈತಂತ. ಹಡದ ಮೈ ಹಸೀ ಮೈ. ಒಮ್ಮೆ ಗಾಳಿ ಹೊಕ್ಕರ ಸಾಯೋತನಕ ಬಿಡಂಗಿಲ್ಲ" ಎಂದಳು.

ನಮ್ಮ ಕಡೆಯ ಪದ್ಧತಿ ಅದು. ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕುಳ್ಳಿನ ಕೆಂಡ ಇಡುತ್ತಾರೆ. ಬೆನ್ನಿಗೆ ಶಾಖ ಹತ್ತುತ್ತದೆ, ನೋವು ಇಳಿಯುತ್ತದೆ. ನಾನೂ ನಮ್ಮಕ್ಕಂದಿರೂ ಹಾಗೇ ಮಲಗಿ ಎದ್ದವರು. ಯಾರಿಗೂ ಏನೂ ಆಗಿಲ್ಲ. ಆದರೆ ನಮ್ಮೂರ ಮನೆಗಳ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ, ಹಗಲು ಬೆಳಕು ಅಲ್ಲಿಂದ ಬರುತ್ತದೆ, ಹೊಗೆ ಅಲ್ಲಿಂದಲೇ ಹೋಗುತ್ತದೆ. ಹೂಡಿಯ ಕೋಣೆಗೆ ಇದ್ದದ್ದು ಒಂದೇ ವೆಂಟಿಲೇಟರು, ಹಿಂದಿನ ಗೋಡೆಯಲ್ಲಿ, ಅಪಾರ್ಟ್‌ಮೆಂಟಿನ ಕಡೆಗೆ.

ಶಿವಗಂಗಿ ಸರ್ಕಾರಿ ಆಸ್ಪತ್ರೆಯಲ್ಲಿ ಹಡೆದು ಹೆಣ್ಣುಕೂಸಿನೊಂದಿಗೆ ಮನೆಗೆ ಬಂದಳು. ಅವ್ವ ಹೊರಸು ಹಾಕಿದಳು, ಕೆಂಡ ಇಟ್ಟಳು. ವಾರ ಕಳೆಯುವುದರೊಳಗೆ ಮನೆ ಮಾಲಕಿ ರಾಮಕ್ಕ ಬಂದು ಬಾಗಿಲಲ್ಲಿ ನಿಂತಳು. ಈ ಊರಿನ ಹಳೇ ಕುಳ. ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ಅವಳ ಮಾವ ರಾಗಿ ಬೆಳೆಯುತ್ತಿದ್ದನಂತೆ.

"ಅಲ್ಲ ಕಣಮ್ಮಿ, ನಾನೇನ್ ಮಾಡ್ಲಿ ಏಳು. ಆ ಅಪಾರ್ಟ್‌ಮೆಂಟ್ನೋರು ಒಂದೇ ಸಮ ಬಾಯ್ ಬಡ್ಕೊಂತವ್ರೆ. ಒಗೆ ಎಲ್ಲಾ ಅವರ ಮನೆಗೆ ನುಗ್ತದಂತೆ. ದೀಪಸಿರಿ ಅಂತ ಒಬ್ಬಮ್ಮ, ಅವರಪ್ಪಂಗೆ ಉಬ್ಸವಂತೆ. ಪೊಲೀಸ್ನೋರ್ಗೆ ಏಳ್ತೀವಿ ಅಂದ್ರು."

"ಬಾಣಂತಿ ಮನಿ ಅಕ್ಕಾರ, ಒಂದ್ ತಿಂಗಳ ತಡ್ಕೋರಿ" ಎಂದೆ.

"ನಾನ್ ತಡ್ಕೊಂಡೇನು, ಅವರು ತಡ್ಕೋಬೇಕಲ್ಲ. ಇಂಗ್ ಮಾಡು. ನಿನ್ ತಮ್ಮ ಗಾರೆಯವ್ನೇ ಅಲ್ವಾ? ಆ ತೂತು ಮುಚ್ಬುಡ್ಲಿ. ಇಟ್ಟಿಗೆ ಸಿಮೆಂಟು ನಾನ್ ಕೊಡ್ತೀನಿ. ಎಂಗೂ ಚಳಿಗಾಲ, ಕೂಸಿಗೂ ಬೆಚ್ಚಗಿರ್ತದೆ."

ಭಾನುವಾರ ರೇವಣಸಿದ್ದ ಸ್ಟೂಲು ಹತ್ತಿ ಇಟ್ಟಿಗೆ ಕೂರಿಸಿ, ನುಣ್ಣಗೆ ಗಿಲಾವು ಮಾಡಿದ. ಅವನ ಕೈ ಕೆಲಸ ಯಾವತ್ತೂ ಅಚ್ಚುಕಟ್ಟು. ಅಲ್ಲಿ ಕಿಂಡಿ ಇತ್ತೆಂಬ ಗುರುತೇ ಉಳಿಯಲಿಲ್ಲ. ಅವ್ವನಿಗೆ ಖುಷಿಯೋ ಖುಷಿ. "ಈಗ ಆತು ನೋಡು ಬಾಣಂತಿ ಖೋಲಿ" ಎಂದು ಮಗನ ಬೆನ್ನು ತಟ್ಟಿದಳು. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದಳು. ಶಿವಗಂಗಿ ಹೊರಸಿನ ಮೇಲೆ ಕೌದಿ ಹೊದ್ದು, "ಅತ್ತಿ, ನನಗ ನನ್ನವ್ವ ಇದ್ರೂ ಇಷ್ಟು ಮಾಡತಿರಲಿಲ್ಲ" ಎಂದಳು. ಕೆಂಡ ಇಟ್ಟಾಗ ಅಷ್ಟಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಿದ್ದೆವು, ಹೊಗೆ ಹೋಗುತ್ತಿತ್ತು, ನಡೆಯುತ್ತಿತ್ತು.

ಆಮೇಲೆ ಚಂಡಮಾರುತವಂತೆ, ಚೆನ್ನೈ ಕಡೆಯದು. ಬೆಂಗಳೂರಿಗೆ ಬಂದದ್ದು ಅದರ ಜಿಟಿಜಿಟಿ ಮಳೆ ಮತ್ತು ಹಾಳು ಗಾಳಿ. ಸೂರ್ಯ ಮುಖ ತೋರಿಸಲಿಲ್ಲ. ಆವತ್ತು ಅವ್ವ ಮಧ್ಯಾಹ್ನ ಕೆಂಡ ಜಾಸ್ತಿ ಮಾಡಿ ಹೊರಸಿನ ಕೆಳಗಿಟ್ಟು, ಶಿವಗಂಗಿಯನ್ನು ಮಲಗಲು ಹೇಳಿ, ಕೂಸಿಗೆ ಎಣ್ಣೆ ನೀರು ಹಾಕಿಸಲು ಕೂಸು ಎರೆಯುವುದರಲ್ಲಿ ಪಳಗಿದ ಪಕ್ಕದ ಸಾಲಿನ ಮುದುಕಿಯ ಮನೆಗೆ, ತಲೆಗೆ ಕುಂಚಿಗಿ ಕಟ್ಟಿ, ಎತ್ತಿಕೊಂಡು ಹೋದಳು. ಗಾಳಿ ಬಡಿಯಬಾರದೆಂದು ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡು ಹೋದಳು. ಅಲ್ಲಿ ಮಾತಿಗೆ ಕೂತಳು. ಮುದುಕಿಯರಿಬ್ಬರು ಸೇರಿದರೆ ಕೇಳಬೇಕೆ?

ನಾನು ಅಪಾರ್ಟ್‌ಮೆಂಟಿನ ಲಿಫ್ಟಿನ ಮುಂದೆ ಕೆಸರು ಒರೆಸುತ್ತಿದ್ದೆ. ಗೇಟಿನಲ್ಲಿ ಅವ್ವನ ಕೂಗು ಕೇಳಿಸಿತು. ಎದೆಗೆ ಕೂಸನ್ನು ಅವುಚಿಕೊಂಡು, ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು. "ಮಹಾದೇವೀ, ಶಿವಗಂಗಿ ಏಳವಲ್ಲಳಲೇ!"

ಓಡಿದೆ. ಕೋಣೆಯೊಳಗೆ ಕಾಲಿಟ್ಟರೆ ಹೊಗೆಯೇನೂ ದಟ್ಟವಾಗಿರಲಿಲ್ಲ, ಬೆಚ್ಚಗಿತ್ತು, ಅಷ್ಟೇ. ತಲೆ ಮಾತ್ರ ಒಮ್ಮೆಗೇ ಭಾರವಾಯಿತು. ಪಕ್ಕದ ಕೋಣೆಯವರೂ ನಾನೂ ಸೇರಿ ಶಿವಗಂಗಿಯನ್ನು ಅಂಗಳಕ್ಕೆ ಎಳೆದು ತಂದೆವು. ಉಸಿರಿತ್ತು, ಎಳೆಯಷ್ಟು. ಕೆನ್ನೆ ತಟ್ಟಿದರೆ ಕಣ್ಣು ತೆರೆಯಲಿಲ್ಲ. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು, ಯಾರೋ ಆಟೋ ಹುಡುಕಲು ಓಡಿದರು. ಹೂಡಿಯ ರಸ್ತೆಯೆಲ್ಲ ನೀರು ನಿಂತಿತ್ತು, ಗಾಡಿಗಳು ಅಲುಗಾಡುತ್ತಿರಲಿಲ್ಲ. ಆಗ ನನಗೆ ಆ ಸುಯ್ ಎಂಬ ಸದ್ದು ನೆನಪಾಯಿತು. ಮೊದಲು ಬಯಲಿನ ಗಾಳಿ, ಆಮೇಲೆ ಅದು. ಅದು ಗೋಡೆಯ ಆ ಕಡೆಗೇ ಇತ್ತು.

ಮತ್ತೆ ಅಪಾರ್ಟ್‌ಮೆಂಟಿಗೆ ಓಡಿದೆ. ಗಾಜಿನ ಬಾಗಿಲಿಗೆ ಬೀಗ. ಸಿಲಿಂಡರು ಮೂಲೆಯಲ್ಲಿ ಕಾಣುತ್ತಿತ್ತು. ಬೆಳಿಗ್ಗೆ ನಾನೇ ಒರೆಸಿದ ಗಾಜು, ಎಷ್ಟು ಚೊಕ್ಕಟವಾಗಿ ಕಾಣುತ್ತಿತ್ತು! ಸೆಕ್ಯೂರಿಟಿ ಮಲ್ಲಿಕ್ ಓಡಿ ಬಂದ.

"ಚಾವಿ ನನ್ ಹತ್ರ ಇಲ್ಲ ಅಕ್ಕಾ. ಕಮಿಟಿ ಹತ್ರ ಇರ್ತದೆ. ದೀಪಶ್ರೀ ಮೇಡಂಗೆ ಫೋನ್ ಮಾಡ್ತೀನಿ ಇರು" ಎಂದ.

ಮೇಡಂ ಮೇಲೆ ತಮ್ಮ ಮನೆಯಲ್ಲೇ ಇದ್ದರು. ಲ್ಯಾಪ್‌ಟಾಪಿನ ಮುಂದೆ ಮೀಟಿಂಗಿನಲ್ಲಿದ್ದರಂತೆ. ಮಲ್ಲಿಕ್ ಫೋನನ್ನು ನನ್ನ ಕೈಗೆ ಕೊಟ್ಟ. ಹೇಳಿದೆ. ಬಾಯಿಗೆ ಬಂದಂತೆ, ಅತ್ತು, ಕೈ ಮುಗಿದು ಹೇಳಿದೆ. ಫೋನಿಗೆ ಕೈ ಮುಗಿದರೆ ಯಾರಿಗೆ ಕಾಣುತ್ತದೆ?

"ಅಯ್ಯೋ ದೇವ್ರೇ. ಮಹಾದೇವಿ, ಗಾಬರಿ ಆಗ್ಬೇಡಿ. ಆದ್ರೆ ಅದು ರೆಸಿಡೆಂಟ್ಸ್‌ಗೆ ಅಂತ ಇಟ್ಟಿರೋದು. ಹೊರಗಿನವ್ರಿಗೆ ಕೊಟ್ಟು ಹೆಚ್ಚು ಕಮ್ಮಿ ಆದ್ರೆ ನಮ್ ತಲೆಗೆ ಬರತ್ತೆ. ನಾನೊಬ್ಳೇ ಡಿಸೈಡ್ ಮಾಡಕ್ಕಾಗಲ್ಲ. ಗ್ರೂಪಲ್ಲಿ ಹಾಕ್ತೀನಿ, ಒಂದೇ ನಿಮಿಷ."

ಹೊರಗಿನವರು! ಅವರ ಕಮೋಡಿನ ಒಳಗೂ ನನ್ನ ಕೈ ಹೋಗುತ್ತದೆ, ನಾನು ಹೊರಗಿನವಳು. ಅವರ ವಾಟ್ಸಾಪ್ ಗ್ರೂಪಿನಲ್ಲಿ ಏನು ಚರ್ಚೆ ನಡೆಯಿತೋ ನಾನರಿಯೆ. ಲಿಫ್ಟಿನ ಮುಂದೆ ಬಿಟ್ಟು ಓಡಿದ್ದ ಮಾಪನ್ನು ತಂದು ಅದರ ಕೋಲಿನಿಂದ ಗಾಜಿಗೆ ಬಾರಿಸಿದೆ. ದುಬಾರಿ ಗಾಜು, ಬಿರುಕೂ ಬಿಡಲಿಲ್ಲ. ಕೋಲೇ ಮುರಿಯಿತು. ಮಲ್ಲಿಕ್ ನನ್ನ ಕೈ ಹಿಡಿದುಕೊಂಡ. "ಬೇಡ ಅಕ್ಕಾ, ಇಬ್ಬರ ಕೆಲಸಾನೂ ಹೋಗ್ತದೆ" ಎಂದು ಅವನೂ ಅತ್ತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಡಲಿಲ್ಲ, ಪೂಜಾರಿಯ ಕೈಯಲ್ಲಿ ಚಾವಿಯೂ ಇರಲಿಲ್ಲ. ಅಷ್ಟರಲ್ಲಿ ಆಟೋ ಸಿಕ್ಕಿತೆಂದು ಯಾರೋ ಗೇಟಿನಿಂದ ಕೂಗಿದರು.

ಆಟೋದಲ್ಲಿ ಶಿವಗಂಗಿಯ ತಲೆ ನನ್ನ ತೊಡೆಯ ಮೇಲಿತ್ತು. ನೀರಿನಲ್ಲಿ ಆಟೋ ಎರಡು ಸಲ ಆಫಾಯಿತು. "ಏಳವ್ವ, ನಿನ್ನ ಅಕ್ಕ ಸತ್ತು ತೋರಿಸ್ತಾಳ ನೋಡು, ನಗು ಒಮ್ಮಿ" ಎಂದು ಹುಚ್ಚಿಯ ಹಾಗೆ ಬಡಬಡಿಸುತ್ತಿದ್ದೆ. ರೇವಣಸಿದ್ದ ಕೆಲಸದ ಬಟ್ಟೆಯಲ್ಲೇ ಆಸ್ಪತ್ರೆಗೆ ಬಂದು ತಲುಪುವ ಹೊತ್ತಿಗೆ ಡಾಕ್ಟರು ಹೊರಗೆ ಬಂದಿದ್ದರು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ, ಅದಕ್ಕೆ ವಾಸನೆ ಇರುವುದಿಲ್ಲ ಎಂದರು. ಸ್ವಲ್ಪ ಮೊದಲೇ ಆಕ್ಸಿಜನ್ ಸಿಕ್ಕಿದ್ದರೆ ಉಳಿಯಬಹುದಿತ್ತೇನೋ ಎಂದರು. ನನ್ನ ಫೋನು ಟಿಣ್ ಎಂದದ್ದು ಆಗಲೇ. ದೀಪಶ್ರೀ ಮೇಡಂ ಕಳಿಸಿದ್ದ ಮೆಸೇಜು: "ಅಪ್ರೂವಲ್ ಸಿಕ್ಕಿದೆ ಮಹಾದೇವಿ. ಆಧಾರ್ ಕಾರ್ಡ್ ತಂದು ಸಿಲಿಂಡರ್ ತಗೊಂಡು ಹೋಗಿ."

ಊರಿಗೆ ಒಯ್ದು ಮಣ್ಣು ಮಾಡಿ ಬಂದೆವು. ಕೂಸು ಅಲ್ಲೇ ಅವ್ವನ ಹತ್ತಿರ ಉಳಿಯಿತು. ಅವ್ವ ಕೂಸಿಗೆ ಹಾಲು ಕುಡಿಸುತ್ತಾಳೆ, ಅಳುತ್ತಾಳೆ, ಅಷ್ಟೇ. ಹೂಡಿಗೆ ಮರಳಿದ ದಿನ ರೇವಣಸಿದ್ದ ಚೀಲವನ್ನು ಕೆಳಗಿಟ್ಟವನೇ ಸುತ್ತಿಗೆ ತೆಗೆದುಕೊಂಡು ತಾನು ಕಟ್ಟಿದ ಇಟ್ಟಿಗೆಯನ್ನು ತಾನೇ ಒಡೆದ. ಸದ್ದಿಗೆ ರಾಮಕ್ಕ ಓಡಿ ಬಂದಳು, ಬಾಗಿಲಲ್ಲಿ ನಿಂತಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಅಪಾರ್ಟ್‌ಮೆಂಟಿನವರು ನನಗೊಂದು ಕಂಬಳಿ ಕೊಟ್ಟು, ಕೆಲಸದವರನ್ನೆಲ್ಲ ಕೂರಿಸಿ, ಚಳಿಗಾಲದಲ್ಲಿ ಕೆಂಡ ಇಟ್ಟರೆ ಕಿಟಕಿ ತೆರೆದಿಡಬೇಕೆಂದು ಭಾಷಣ ಮಾಡಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಹಾಕಲಿಲ್ಲ, ತೆರೆಯಲು ಹೇಳಿದರು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಡ್ರಿಲ್ ಬಂತು. ಕಲಿಸುವವನು ಅವನೇ. "ಹೋದ ಸಲ ಚೆನ್ನಾಗಿ ಮಾಡಿದ್ರಲ್ಲ, ಆ ಹೆಂಗಸು ಎಲ್ಲಿ?" ಎಂದು ಕೇಳಿದ. ದೀಪಶ್ರೀ ಮೇಡಂ ಮುಖ ತಗ್ಗಿಸಿ, "ಅವ್ರು ಬೇಡ, ಬೇರೆ ಯಾರಾದ್ರೂ..." ಎಂದರು. ಬೇರೆ ಯಾರೂ ಮುಂದೆ ಬರಲಿಲ್ಲ. ನಾನು ಮಾಪನ್ನು ಗೋಡೆಗೆ ಒರಗಿಸಿ, ಹೋಗಿ ಮಲಗಿದೆ.

ಸ್ಟ್ರೆಚರು ಬಂತು. ಗಾಜಿನ ಬಾಗಿಲು ತೆರೆದೇ ಇತ್ತು. ಮಾಸ್ಕ್ ಹಾಕಿದರು, ತಿರುಗಿಸಿದರು, ಸುಯ್ ಎಂದಿತು. ಚಪ್ಪಾಳೆ ತಟ್ಟಿದರು. ನಾನು ಏಳಲಿಲ್ಲ.

"ಆಯ್ತು, ಏಳಮ್ಮ" ಎಂದ ಕಲಿಸುವವನು. ಏಳಲಿಲ್ಲ. ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ದೀಪಶ್ರೀ ಮೇಡಂ ಬಗ್ಗಿ ನನ್ನ ಭುಜ ಮುಟ್ಟಿದರು.

"ಮಹಾದೇವಿ, ಪ್ಲೀಸ್ ಏಳಿ. ಸಿಲಿಂಡರ್ ಖಾಲಿ ಆಗ್ತಾ ಇದೆ. ನಾಳೆ ಯಾರಿಗಾದ್ರೂ ಎಮರ್ಜೆನ್ಸಿ ಬಂದ್ರೆ?"

ಮಾಸ್ಕನ್ನು ಒಂದಿಷ್ಟು ಸರಿಸಿದೆ.

"ಆಗಲಿ ಬಿಡ್ರಿ ಮೇಡಂ. ಇದು ನಮ್ಮ ಶಿವಗಂಗಿ ಪಾಲಿಂದು. ಅಪ್ರೂವಲ್ ಐತಿ, ನನ್ನ ಫೋನಿನಾಗ ನೀವ ಕಳಿಸೀರಿ, ನೋಡ್ಕೋರಿ."

ಮತ್ತೆ ಮಾಸ್ಕನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದೆ.